ಹತ್ತಂಕಿಯ ಸಂಖ್ಯೆಯನ್ನು ಬಿಡಿಸಿ ವರ್ಗೀಕರಿಸುವ ಕ್ರಮ: 1,23,45,67,890ರ ಮೇಲೆ ಪೂರ್ಣ ಅಭ್ಯಾಸ

ದೊಡ್ಡ ಪೂರ್ಣ ಸಂಖ್ಯೆಯೊಂದರ ಗುಣಗಳನ್ನು ಪಟ್ಟಿ ಮಾಡಿ ಎಂದು ಕೇಳಿದಾಗ ಬರುವ ಉತ್ತರಗಳಲ್ಲಿ ತಪ್ಪು ಬಹುತೇಕ ಒಂದೇ ಜಾಗದಲ್ಲಿ ಆಗಿರುತ್ತದೆ. ಇತ್ತೀಚೆಗೆ ನೋಡಿದ ಒಂದು ಹಾಳೆಯಲ್ಲಿ 1,23,45,67,890ರಿಂದ 2, 3, 3, 5 ಇಷ್ಟನ್ನು ಸರಿಯಾಗಿ ತೆಗೆದಿದ್ದರು. ಉಳಿದ 1,37,17,421ನ್ನು 97ರ ತನಕ ಭಾಗಿಸಿ ನೋಡಿ, ಯಾವುದೂ ಹೋಗದಿದ್ದಾಗ ಪಕ್ಕದಲ್ಲಿ ‘ಅವಿಭಾಜ್ಯ’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದರು. ಮುಂದಿನ ಎರಡು ಪುಟಗಳಲ್ಲಿ ಭಾಜಕಗಳ ಎಣಿಕೆ, ಅವುಗಳ ಮೊತ್ತ, ಫೈ ಬೆಲೆ (ಹಂತ 6ರಲ್ಲಿ ವಿವರಿಸಿರುವ ಇನ್ನೊಂದು ಎಣಿಕೆ) ಎಲ್ಲವೂ ಚೊಕ್ಕವಾಗಿದ್ದವು, ಎಲ್ಲವೂ ತಪ್ಪಾಗಿದ್ದವು.

ಅದೇ ಸಂಖ್ಯೆಯನ್ನು ಇಲ್ಲಿ ಮೊದಲಿಂದ ಕೊನೆಯವರೆಗೆ ಬಿಡಿಸಿ ತೋರಿಸಲಾಗಿದೆ. ಹಂತಗಳ ಕ್ರಮವನ್ನು ಬದಲಿಸಬೇಡಿ. ಅಪವರ್ತನ ಪೂರ್ತಿಯಾಗಿ, ಪರಿಶೀಲನೆಯೂ ಆಗಿ ಮುಗಿಯುವ ತನಕ ಸಂಖ್ಯೆಗೆ ಯಾವ ಹೆಸರನ್ನೂ ಕೊಡಬಾರದು ಎಂಬುದೇ ಈ ಕೆಲಸದ ಮುಖ್ಯ ಶಿಸ್ತು.

ಬೇಕಾಗುವ ಸಲಕರಣೆಗಳು

ಚೌಕುಳಿ ಹಾಳೆ, ಪೆನ್ಸಿಲ್, 100ರ ಒಳಗಿನ 25 ಅವಿಭಾಜ್ಯ ಸಂಖ್ಯೆಗಳ ಪಟ್ಟಿ, ಕನಿಷ್ಠ ಹತ್ತು ಅಂಕಿ ತೋರಿಸುವ ಕ್ಯಾಲ್ಕುಲೇಟರ್. ಕಂಪ್ಯೂಟರ್ ಇದ್ದರೆ ಪೈಥಾನ್ ಸಾಕು, ಅದು ಪೂರ್ಣ ಸಂಖ್ಯೆಗಳನ್ನು ಎಷ್ಟೇ ಉದ್ದವಿದ್ದರೂ ನಿಖರವಾಗಿ ಇಟ್ಟುಕೊಳ್ಳುತ್ತದೆ. ಆದರೆ ಅದರಲ್ಲಿ ಭಾಗಾಕಾರಕ್ಕೆ ಒಂದೇ ಓರೆಗೆರೆ ಹಾಕಿದರೆ ಉತ್ತರ ದಶಮಾಂಶವಾಗಿ ಬದಲಾಗುತ್ತದೆ. ಎರಡು ಓರೆಗೆರೆ ಹಾಕಿದರೆ ಭಾಗಲಬ್ಧ, ಶೇಕಡಾ ಚಿಹ್ನೆ ಹಾಕಿದರೆ ಶೇಷ ಸಿಗುತ್ತದೆ.

ಎಕ್ಸೆಲ್ ಹಾಳೆಯನ್ನು ಈ ಕೆಲಸಕ್ಕೆ ಬಳಸದಿರುವುದೇ ಒಳ್ಳೆಯದು. ಅದು 15 ಅಂಕಿಗಳ ತನಕ ಮಾತ್ರ ನಿಖರ. ನಮ್ಮ ಸಂಖ್ಯೆಯ ವರ್ಗ 1524157875019052100. ಎಕ್ಸೆಲ್‌ನಲ್ಲಿ ಅದು 1524157875019050000 ಎಂದು ಕಾಣುತ್ತದೆ, ಎಚ್ಚರಿಕೆಯ ಸಂದೇಶ ಮಾತ್ರ ಬರುವುದಿಲ್ಲ. ದೊಡ್ಡ ಗುಣಲಬ್ಧದ ಕೊನೆಯಲ್ಲಿ ಕಾರಣವಿಲ್ಲದೆ ಸೊನ್ನೆಗಳು ಸಾಲಾಗಿ ನಿಂತಿದ್ದರೆ ಅನುಮಾನಪಡಿ.

ಹಂತ 1: ಸಂಖ್ಯೆಯನ್ನು ಸರಿಯಾಗಿ ಬರೆದುಕೊಳ್ಳುವುದು

ಹೊರದೇಶದ ಪದ್ಧತಿಯಲ್ಲಿ ಇದೇ ಸಂಖ್ಯೆಯನ್ನು 1,234,567,890 ಎಂದು ಬರೆಯುತ್ತಾರೆ. ಅಲ್ಪವಿರಾಮಗಳ ಜಾಗ ನೋಡಿ ಓದುವ ಅಭ್ಯಾಸವಿದ್ದವರು ಇದನ್ನು ಹನ್ನೆರಡು ಕೋಟಿ ಎಂದು ಓದಿ ಒಂದು ಅಂಕಿ ಕಳೆದುಕೊಂಡದ್ದನ್ನು ಕಂಡಿದ್ದೇನೆ. ಅಲ್ಪವಿರಾಮ ಅಳಿಸಿ ಅಂಕಿಗಳನ್ನು ಎಣಿಸಿ: ಹತ್ತು. ಬಲದಿಂದ ಮೊದಲು ಮೂರು, ಆಮೇಲೆ ಎರಡೆರಡಾಗಿ ಕತ್ತರಿಸಿ. ನೂರ ಇಪ್ಪತ್ತಮೂರು ಕೋಟಿ ನಲವತ್ತೈದು ಲಕ್ಷ ಅರವತ್ತೇಳು ಸಾವಿರದ ಎಂಟುನೂರ ತೊಂಬತ್ತು ಎಂದು ಒಮ್ಮೆ ಬಾಯಿಬಿಟ್ಟು ಓದಿಕೊಳ್ಳಿ.

ಹಾಳೆಯ ಮೇಲ್ಭಾಗದಲ್ಲಿ ಎರಡು ಸಂಗತಿಗಳನ್ನು ಬರೆದಿಡಿ. ಮೊದಲನೆಯದು ಅಂಕಿಗಳ ಮೊತ್ತ, ಇಲ್ಲಿ 45. ಎರಡನೆಯದು ವರ್ಗಮೂಲದ ಪೂರ್ಣಾಂಕ ಭಾಗ, ಇಲ್ಲಿ 35,136. ಏಕೆಂದರೆ 35,136ರ ವರ್ಗ 1,23,45,38,496 ಮತ್ತು 35,137ರ ವರ್ಗ 1,23,46,08,769. ಇವೆರಡೂ ಮುಂದೆ ಹಲವು ಸಲ ಬೇಕಾಗುತ್ತವೆ.

ಹಂತ 2: ಸಣ್ಣ ಅಪವರ್ತನಗಳನ್ನು ಖಾಲಿ ಮಾಡುವುದು

ಕೊನೆಯ ಅಂಕಿ ಸೊನ್ನೆ, ಆದ್ದರಿಂದ 2 ಮತ್ತು 5 ಎರಡೂ ಅಪವರ್ತನಗಳು. 10ರಿಂದ ಭಾಗಿಸಿದರೆ 12,34,56,789. ಇದು ಬೆಸ ಸಂಖ್ಯೆ, ಕೊನೆಗೆ 9 ಇದೆ. ಹಾಗಾಗಿ 2 ಮತ್ತು 5 ಒಂದೊಂದೇ ಸಲ. ಅಂಕಿಗಳ ಮೊತ್ತ 45, ಅದು 9ರಿಂದ ಭಾಗವಾಗುವುದರಿಂದ ಸಂಖ್ಯೆಯೂ 9ರಿಂದ ಭಾಗವಾಗುತ್ತದೆ. ಭಾಗಿಸಿದರೆ ಸಿಗುವುದು 1,37,17,421.

ಇಲ್ಲಿ ಮಾಡುವ ಸಾಮಾನ್ಯ ತಪ್ಪೆಂದರೆ ಒಂದು ಅವಿಭಾಜ್ಯವನ್ನು ಒಮ್ಮೆ ತೆಗೆದ ಮೇಲೆ ಅದನ್ನು ಮರೆಯುವುದು. ಪ್ರತಿ ಸಲವೂ ಉಳಿದ ಭಾಗಲಬ್ಧದ ಮೇಲೆ ಅದೇ ಪರೀಕ್ಷೆಯನ್ನು ಮತ್ತೆ ಮಾಡಬೇಕು. 1,37,17,421ರ ಅಂಕಿಗಳ ಮೊತ್ತ 26, ಅದು 3ರಿಂದ ಭಾಗವಾಗುವುದಿಲ್ಲ. ಈಗ 3ರ ಬಾಗಿಲು ಮುಚ್ಚಿತು.

ಮುಂದೆ 7, 11, 13 ಮೂರನ್ನೂ ಒಂದೇ ಏಟಿಗೆ ನೋಡಬಹುದು. 7 × 11 × 13 = 1001 ಆಗಿರುವುದರಿಂದ, ಸಂಖ್ಯೆಯನ್ನು ಬಲದಿಂದ ಮೂರು ಮೂರು ಅಂಕಿಗಳಾಗಿ ಕತ್ತರಿಸಿ (ಇಲ್ಲಿ ಮಾತ್ರ ನಮ್ಮ ಪದ್ಧತಿಯ ಅಲ್ಪವಿರಾಮವನ್ನು ಬದಿಗಿಡಿ) ಒಂದನ್ನು ಕೂಡಿ ಇನ್ನೊಂದನ್ನು ಕಳೆಯುತ್ತ ಹೋಗಿ: 421 − 717 + 13 = −283. ಇದನ್ನು 7ರಿಂದ ಭಾಗಿಸಿದರೆ ಶೇಷ 4, 11ರಿಂದ ಶೇಷ 3, 13ರಿಂದ ಶೇಷ 3. ಮೂರೂ ಹೋಗುವುದಿಲ್ಲ. ಋಣ ಸಂಖ್ಯೆಯ ಶೇಷ ತೆಗೆಯುವಾಗ ಹಿಂಜರಿಕೆಯಾದರೆ −283ಕ್ಕೆ 287 ಅಥವಾ 286 ಕೂಡಿಸಿ ನೋಡಿ, ಉತ್ತರ ಕಣ್ಣಿಗೇ ಕಾಣುತ್ತದೆ.

ಹಂತ 3: ಉಳಿದ ದೊಡ್ಡ ತುಂಡನ್ನು ಒಡೆಯುವುದು

ಹೆಚ್ಚಿನವರು ಸೋಲುವುದು ಇಲ್ಲಿ. ಒಂದು ಸಂಖ್ಯೆ ಅವಿಭಾಜ್ಯ ಎಂದು ಭಾಗಾಕಾರದಿಂದ ಸಾಧಿಸಬೇಕಾದರೆ ಅದರ ವರ್ಗಮೂಲದವರೆಗಿನ ಎಲ್ಲ ಅವಿಭಾಜ್ಯಗಳನ್ನೂ ಪ್ರಯತ್ನಿಸಬೇಕು. 3703ರ ವರ್ಗ 1,37,12,209. 3704ರ ವರ್ಗ 1,37,19,616. ಆದ್ದರಿಂದ 1,37,17,421ಕ್ಕೆ ಮಿತಿ 3703. ಗಮನಿಸಿ, ಮಿತಿಯನ್ನು ಲೆಕ್ಕ ಹಾಕಬೇಕಾದದ್ದು ಉಳಿದ ತುಂಡಿಗೆ. ಮೂಲ ಸಂಖ್ಯೆಯ 35,136ನ್ನೇ ಇಟ್ಟುಕೊಂಡು ಸಾವಿರಾರು ಅನಗತ್ಯ ಭಾಗಾಕಾರಕ್ಕೆ ಹೊರಟವರೂ ಇದ್ದಾರೆ, 97ಕ್ಕೆ ನಿಲ್ಲಿಸಿದವರೂ ಇದ್ದಾರೆ.

ಕ್ರಮವಾಗಿ ಭಾಗಿಸುತ್ತ ಹೋದರೆ ಮೊದಲ ಅಪವರ್ತನ ಸಿಗುವುದು 3607ರಲ್ಲಿ. ಅದು ಅವಿಭಾಜ್ಯಗಳ ಸಾಲಿನಲ್ಲಿ 504ನೆಯದು. ಐನೂರಕ್ಕೂ ಹೆಚ್ಚು ಸಲ ‘ಇಲ್ಲ’ ಎಂದು ಬರೆದ ಮೇಲೆ ಒಂದು ‘ಹೌದು’ ಸಿಗುವ ಲೆಕ್ಕವಿದು. ನಡುವೆ ಬಿಟ್ಟವರನ್ನು ನಾನು ದೂರುವುದಿಲ್ಲ, ಆದರೆ ಬಿಟ್ಟ ಜಾಗದಲ್ಲಿ ‘ಇಲ್ಲಿಯ ತನಕ ನೋಡಿದೆ’ ಎಂದು ಬರೆಯಬೇಕಿತ್ತೇ ಹೊರತು ‘ಅವಿಭಾಜ್ಯ’ ಎಂದಲ್ಲ.

ಕೈಯಲ್ಲಿ ಮಾಡುವವರಿಗೆ ಇಲ್ಲಿ ಫರ್ಮಾ ವಿಧಾನ ಅನುಕೂಲ. ಬೆಸ ಸಂಖ್ಯೆಯೊಂದನ್ನು ಎರಡು ವರ್ಗಗಳ ವ್ಯತ್ಯಾಸವಾಗಿ, a² − b² ಎಂದು ಬರೆದರೆ, ಅದು (a − b) × (a + b) ಎಂದು ತಾನಾಗಿ ಒಡೆಯುತ್ತದೆ; a − b ಮಾತ್ರ 1 ಆಗಿರಬಾರದು. ವರ್ಗಮೂಲಕ್ಕಿಂತ ಮೇಲಿನ ಮೊದಲ ಪೂರ್ಣಾಂಕದಿಂದ ಆರಂಭಿಸಿ ಹೀಗೆ ನೋಡಬೇಕು.

3704ರ ವರ್ಗದಿಂದ ನಮ್ಮ ಸಂಖ್ಯೆಯನ್ನು ಕಳೆದರೆ 2195. ಪೂರ್ಣವರ್ಗವೊಂದು 5ರಲ್ಲಿ ಮುಗಿದರೆ ಕೊನೆಯ ಎರಡು ಅಂಕಿ 25 ಇರಲೇಬೇಕು. ಇಲ್ಲಿ 95 ಇದೆ, ಆಗದು.

3705ರ ವರ್ಗ 1,37,27,025. ಅದರಿಂದ ಕಳೆದರೆ 9604. ಇದು 98ರ ವರ್ಗ.

ಎರಡನೆಯ ಪ್ರಯತ್ನಕ್ಕೇ ಕೆಲಸವಾಯಿತು. 3705 − 98 = 3607, 3705 + 98 = 3803. ಐನೂರು ಭಾಗಾಕಾರದ ಬದಲು ಎರಡು ಕಳೆಯುವ ಲೆಕ್ಕ. ಎಲ್ಲ ಸಂಖ್ಯೆಗಳೂ ಇಷ್ಟು ಸುಲಭವಾಗಿ ಬಗ್ಗುವುದಿಲ್ಲ. ಎರಡು ಅಪವರ್ತನಗಳು ಒಂದಕ್ಕೊಂದು ಹತ್ತಿರವಿದ್ದಾಗ ಮಾತ್ರ ಈ ವಿಧಾನಕ್ಕೆ ಬಲ. ಇಪ್ಪತ್ತು ಇಪ್ಪತ್ತೈದು ಪ್ರಯತ್ನಗಳಲ್ಲಿ ವರ್ಗ ಸಿಗದಿದ್ದರೆ ಭಾಗಾಕಾರಕ್ಕೆ ಮರಳಿ. ಆದರೂ 97ರಲ್ಲಿ ಕೈಚೆಲ್ಲುವ ಮೊದಲು ಇದನ್ನೊಮ್ಮೆ ಮಾಡಿ ನೋಡಲು ಐದು ನಿಮಿಷವೂ ಬೇಡ.

ಹಂತ 4: ತುಂಡುಗಳು ಅವಿಭಾಜ್ಯವೇ ಎಂದು ಖಚಿತಪಡಿಸುವುದು

ಒಡೆದ ತುಂಡುಗಳು ಇನ್ನೂ ಒಡೆಯಬಹುದು. 3607ರ ವರ್ಗಮೂಲ 60ಕ್ಕಿಂತ ತುಸು ಮೇಲೆ, ಆದ್ದರಿಂದ 2ರಿಂದ 59ರವರೆಗಿನ 17 ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. 3803ಕ್ಕೆ 61 ಕೂಡ ಸೇರುತ್ತದೆ, ಒಟ್ಟು 18. ಯಾವುದರಲ್ಲೂ ಶೇಷ ಸೊನ್ನೆ ಬರುವುದಿಲ್ಲ. ಎರಡೂ ಅವಿಭಾಜ್ಯಗಳು.

ಉಳಿದ ತುಂಡು ಕೋಟಿಗಳಲ್ಲಿದ್ದು ಭಾಗಾಕಾರ ಅಸಾಧ್ಯವೆನಿಸಿದಾಗ ಕೆಲವರು ಫರ್ಮಾನ ಸಣ್ಣ ಪ್ರಮೇಯವನ್ನು ಪರೀಕ್ಷೆಯಾಗಿ ಬಳಸುತ್ತಾರೆ: 2ರಂತಹ ಒಂದು ಆಧಾರ ಸಂಖ್ಯೆಯನ್ನು, ಪರೀಕ್ಷಿಸುವ ಸಂಖ್ಯೆಗಿಂತ ಒಂದು ಕಡಿಮೆಯಾದ ಘಾತಕ್ಕೆ ಏರಿಸಿ, ಆ ಸಂಖ್ಯೆಯಿಂದ ಭಾಗಿಸಿದಾಗ ಶೇಷ 1 ಬಂದರೆ ಗೆದ್ದಂತೆ. ಹೆಸರು ಒಂದೇ ಆದರೂ ಇದು ಮೇಲಿನ ವಿಧಾನವಲ್ಲ. ಈ ಪರೀಕ್ಷೆಯಲ್ಲಿ ಸೋತ ಸಂಖ್ಯೆ ಖಂಡಿತ ಸಂಯುಕ್ತ. ಗೆದ್ದ ಸಂಖ್ಯೆ ಅವಿಭಾಜ್ಯ ಎಂದು ಹೇಳುವಂತಿಲ್ಲ. 341 = 11 × 31, ಆದರೂ 2ರ 340ನೇ ಘಾತವನ್ನು 341ರಿಂದ ಭಾಗಿಸಿದರೆ ಶೇಷ 1 ಬರುತ್ತದೆ. 561 = 3 × 11 × 17 ಇನ್ನೂ ಮೋಸಗಾರ: ಅದರೊಂದಿಗೆ ಸಾಮಾನ್ಯ ಅಪವರ್ತನವಿಲ್ಲದ ಯಾವ ಆಧಾರ ತೆಗೆದುಕೊಂಡರೂ ಅದು ಪರೀಕ್ಷೆ ಗೆಲ್ಲುತ್ತದೆ.

ಬದಲಿಗೆ ಇದನ್ನೇ ಬಿಗಿಗೊಳಿಸಿದ ಮಿಲ್ಲರ್–ರಾಬಿನ್ ಪರೀಕ್ಷೆಯನ್ನು ಬಳಸಿ. ಬೆಸ ಸಂಖ್ಯೆ 2,53,26,001ಕ್ಕಿಂತ ಕಡಿಮೆಯಿದ್ದರೆ 2, 3, 5 ಎಂಬ ಮೂರು ಆಧಾರಗಳು ಸಾಕು. 3,21,50,31,751ಕ್ಕಿಂತ ಕಡಿಮೆಯಿದ್ದರೆ 7ನ್ನೂ ಸೇರಿಸಿ ನಾಲ್ಕು ಸಾಕು. ಈ ಮಿತಿಗಳೊಳಗೆ ಉತ್ತರ ಸಂಭವನೀಯತೆಯದ್ದಲ್ಲ, ನಿಶ್ಚಿತವಾದದ್ದು. ನಮ್ಮ ಸಂಖ್ಯೆಯ ಪಕ್ಕದ 1,23,45,67,891 ಅವಿಭಾಜ್ಯ. ಅದನ್ನು ಭಾಗಾಕಾರದಿಂದ ಸಾಧಿಸಲು ಮೂರೂವರೆ ಸಾವಿರಕ್ಕೂ ಹೆಚ್ಚು ಭಾಜಕಗಳನ್ನು ನೋಡಬೇಕು, ಈ ಪರೀಕ್ಷೆಯಿಂದಾದರೆ ನಾಲ್ಕು ಆಧಾರಗಳು.

ಹಂತ 5: ಅಪವರ್ತನದ ಸಾಲನ್ನು ಹಿಂದಿನಿಂದ ಪರಿಶೀಲಿಸುವುದು

ಈಗ ಹಾಳೆಯ ನಡುವೆ ಒಂದು ಸಾಲು ಬರೆಯಿರಿ:

1,23,45,67,890 = 2 × 3² × 5 × 3607 × 3803

ಮತ್ತೆ ಗುಣಿಸಿ ನೋಡಿ. ಪೂರ್ತಿ ಗುಣಿಸಲು ಬೇಸರವಾದರೆ ಶೇಷಗಳಿಂದ ಪರೀಕ್ಷಿಸಬಹುದು. 9ರಿಂದ ಭಾಗಿಸಿದಾಗ 3607ರ ಶೇಷ 7, 3803ರ ಶೇಷ 5. ಗುಣಲಬ್ಧ 35, ಅದರ ಶೇಷ 8. 1,37,17,421ರ ಅಂಕಿಗಳ ಮೊತ್ತ 26, ಅದರ ಶೇಷವೂ 8. ಆದರೆ ಎರಡು ಅಂಕಿಗಳು ಅದಲುಬದಲಾದರೆ 9ರ ಪರೀಕ್ಷೆಗೆ ಅದು ಗೊತ್ತಾಗುವುದಿಲ್ಲ, 11ರ ಪರೀಕ್ಷೆಯನ್ನೂ ಮಾಡಿ: ಶೇಷಗಳು 10 ಮತ್ತು 8, ಗುಣಲಬ್ಧ 80, ಅದರ ಶೇಷ 3, ಮೂಲ ತುಂಡಿನ ಶೇಷವೂ 3 ಎಂದು ಎರಡನೇ ಹಂತದಲ್ಲೇ ಕಂಡಿದ್ದೇವೆ.

ಹಂತ 6: ಸಾಲಿನಿಂದ ನೇರವಾಗಿ ಸಿಗುವ ಗುಣಗಳು

ಘಾತಸೂಚಿಗಳು 1, 2, 1, 1, 1. ಬೇರೆ ಬೇರೆ ಅವಿಭಾಜ್ಯ ಅಪವರ್ತನಗಳು 5. ಪುನರಾವರ್ತನೆ ಸೇರಿಸಿದರೆ 6. ಪ್ರಶ್ನೆಯಲ್ಲಿ ಯಾವುದನ್ನು ಕೇಳಿದ್ದಾರೆ ಎಂದು ನೋಡಿ ಬರೆಯಿರಿ. 3²ರಿಂದ ಭಾಗವಾಗುವುದರಿಂದ ಇದು ವರ್ಗಮುಕ್ತ ಸಂಖ್ಯೆಯಲ್ಲ. ಎಲ್ಲ ಘಾತಗಳೂ ಸಮಸಂಖ್ಯೆಗಳಲ್ಲ, ಆದ್ದರಿಂದ ಪೂರ್ಣವರ್ಗವಲ್ಲ; ಕೊನೆಯಲ್ಲಿ ಒಂದೇ ಸೊನ್ನೆ ಇರುವುದನ್ನು ನೋಡಿಯೂ ಇದನ್ನು ಹೇಳಬಹುದಿತ್ತು.

ಭಾಜಕಗಳ ಎಣಿಕೆಗೆ ಪ್ರತಿ ಘಾತಕ್ಕೂ ಒಂದು ಕೂಡಿಸಿ ಗುಣಿಸಿ: 2 × 3 × 2 × 2 × 2 = 48. 1,37,17,421ನ್ನು ಅವಿಭಾಜ್ಯ ಎಂದುಕೊಂಡವರಿಗೆ ಇಲ್ಲಿ 24 ಬರುತ್ತದೆ. ಎಣಿಕೆ ಬೆಸ ಸಂಖ್ಯೆಯಾಗಿ ಬಂದರೆ, ಸಂಖ್ಯೆ ಪೂರ್ಣವರ್ಗವಲ್ಲದಿದ್ದಲ್ಲಿ, ಎಲ್ಲೋ ತಪ್ಪಿದೆ ಎಂದರ್ಥ.

ಫೈ ಬೆಲೆ, ಅಂದರೆ ಸಂಖ್ಯೆಯೊಂದಿಗೆ 1ರ ಹೊರತು ಸಾಮಾನ್ಯ ಅಪವರ್ತನವಿಲ್ಲದ ಸಣ್ಣ ಸಂಖ್ಯೆಗಳ ಎಣಿಕೆ: 1 × 6 × 4 × 3606 × 3802 = 32,90,40,288. ಇಲ್ಲಿ 3²ಕ್ಕೆ 6 ತೆಗೆದುಕೊಳ್ಳಬೇಕು. 8 ಎಂದೋ 2 ಎಂದೋ ಬರೆಯುವುದು ಬಹಳ ಸಾಮಾನ್ಯ. 9ಕ್ಕಿಂತ ಸಣ್ಣದಾಗಿದ್ದು 3ರಿಂದ ಭಾಗವಾಗದ 1, 2, 4, 5, 7, 8 ಎಂಬ ಆರನ್ನು ಬೆರಳಲ್ಲಿ ಎಣಿಸಿಕೊಂಡರೆ ಮರೆಯುವುದಿಲ್ಲ.

ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದೇ? 4ರಿಂದ ಭಾಗಿಸಿದಾಗ ಶೇಷ 3 ಬರುವ ಪ್ರತಿ ಅವಿಭಾಜ್ಯದ ಘಾತವೂ ಸಮವಾಗಿರಬೇಕು. 3ರ ಘಾತ 2, ಅಡ್ಡಿಯಿಲ್ಲ. ಆದರೆ 3607 ಮತ್ತು 3803 ಎರಡಕ್ಕೂ ಶೇಷ 3, ಘಾತ 1. ಆದ್ದರಿಂದ ಸಾಧ್ಯವಿಲ್ಲ. ಮೂರು ವರ್ಗಗಳ ಮೊತ್ತವಾಗಿ ಬರೆಯಲು ಮಾತ್ರ ಬರುತ್ತದೆ.

ಹಂತ 7: ಸಮೃದ್ಧವೋ, ಪರಿಪೂರ್ಣವೋ, ನ್ಯೂನವೋ

ತನ್ನನ್ನು ಬಿಟ್ಟ ಭಾಜಕಗಳ ಮೊತ್ತ ಸಂಖ್ಯೆಗಿಂತ ದೊಡ್ಡದಾದರೆ ಸಮೃದ್ಧ, ಸಮವಾದರೆ ಪರಿಪೂರ್ಣ, ಚಿಕ್ಕದಾದರೆ ನ್ಯೂನ. ಎಲ್ಲ ಭಾಜಕಗಳ ಮೊತ್ತಕ್ಕೆ ಪ್ರತಿ ಅವಿಭಾಜ್ಯದ ಎಲ್ಲ ಘಾತಗಳನ್ನೂ 1ರಿಂದ ಹಿಡಿದು ಕೂಡಿಸಿ, ಆ ಮೊತ್ತಗಳನ್ನು ಗುಣಿಸಬೇಕು: (1+2) × (1+3+9) × (1+5) × 3608 × 3804. ಮೊದಲ ಮೂರರ ಗುಣಲಬ್ಧ 234, ಕೊನೆಯ ಎರಡರದ್ದು 1,37,24,832. ಒಟ್ಟು 3,21,16,10,688.

ಇದರಲ್ಲಿ ಸಂಖ್ಯೆಯೂ ಸೇರಿದೆ. ಅದನ್ನು ಕಳೆದರೆ ಸ್ವತಃ ಸಂಖ್ಯೆಯನ್ನು ಬಿಟ್ಟ ಭಾಜಕಗಳ ಮೊತ್ತ 1,97,70,42,798. ಇದು ಮೂಲ ಸಂಖ್ಯೆಗಿಂತ ದೊಡ್ಡದು, ಆದ್ದರಿಂದ ಸಂಖ್ಯೆ ಸಮೃದ್ಧ. ಕಳೆಯುವುದನ್ನು ಮರೆತು ಹೋಲಿಸಿದರೆ 1ಕ್ಕಿಂತ ದೊಡ್ಡ ಎಲ್ಲ ಸಂಖ್ಯೆಗಳೂ ಸಮೃದ್ಧವಾಗಿ ಕಾಣುತ್ತವೆ.

ಈ ಹಂತದಲ್ಲಿ ನಾನೇ ಎಡವಿದ್ದೆ. ಮೊದಲ ಸಲ ಮಾಡಿದಾಗ (1+3+9) ಬದಲು (1+9) ಎಂದು ಬರೆದು, 13ರ ಜಾಗದಲ್ಲಿ 10 ಇಟ್ಟೆ. ಕಳೆದ ಮೇಲೆ ಬಂದ ಉತ್ತರ 1,23,59,01,870. ಮೂಲ ಸಂಖ್ಯೆಗೂ ಇದಕ್ಕೂ ಕೇವಲ 13,33,980 ವ್ಯತ್ಯಾಸ! ನೂರ ಇಪ್ಪತ್ತಮೂರು ಕೋಟಿಯ ಎದುರು ಹದಿಮೂರು ಲಕ್ಷ. ಪರಿಪೂರ್ಣಕ್ಕೆ ಇಷ್ಟು ಹತ್ತಿರ ಬಂದ ಸಂಖ್ಯೆ ಸಿಕ್ಕಿತೆಂದು ಒಂದು ಸಂಜೆ ಖುಷಿಯಾಗಿದ್ದೆ. ಮಾರನೆಯ ದಿನ ಮತ್ತೆ ನೋಡಿದಾಗ 3 ಎಂಬ ಭಾಜಕವೇ ಪಟ್ಟಿಯಲ್ಲಿ ಇರಲಿಲ್ಲ.

ಇದನ್ನು ತಡೆಯಲು ಅನುಪಾತದ ಪರೀಕ್ಷೆ ಮಾಡಿ. 3/2 × 13/9 × 6/5 = 2.6. ದೊಡ್ಡ ಅವಿಭಾಜ್ಯಗಳು ಇದನ್ನು ಕೂದಲೆಳೆಯಷ್ಟು ಮಾತ್ರ ಹೆಚ್ಚಿಸುತ್ತವೆ, ಆದ್ದರಿಂದ ಭಾಜಕಗಳ ಒಟ್ಟು ಮೊತ್ತ ಸಂಖ್ಯೆಯ 2.6 ಪಟ್ಟಿಗಿಂತ ತುಸು ಹೆಚ್ಚಿರಬೇಕು. ನಿಜವಾದ ಅನುಪಾತ 2.6014. ನನ್ನ ತಪ್ಪು ಉತ್ತರದಲ್ಲಿ ಅದು 2ರ ಆಸುಪಾಸಿನಲ್ಲಿತ್ತು. 90ರ ಹನ್ನೆರಡು ಭಾಜಕಗಳನ್ನು ಕೈಯಾರೆ ಬರೆದು ಕೂಡಿಸಿದರೂ 234 ಬರುವುದನ್ನು ಕಾಣಬಹುದು.

ಸಮೃದ್ಧ ಹೌದೋ ಅಲ್ಲವೋ ಎಂದಷ್ಟೇ ತಿಳಿಯಬೇಕಿದ್ದರೆ ಇಷ್ಟೆಲ್ಲ ಬೇಡ. 6ಕ್ಕಿಂತ ದೊಡ್ಡದಾದ 6ರ ಪ್ರತಿಯೊಂದು ಅಪವರ್ತ್ಯವೂ ಸಮೃದ್ಧವೇ. ಅರ್ಧ, ಮೂರನೇ ಒಂದು, ಆರನೇ ಒಂದು ಭಾಗಗಳನ್ನು ಕೂಡಿಸಿ: 61,72,83,945 + 41,15,22,630 + 20,57,61,315 = 1,23,45,67,890. ಮೂರೇ ಭಾಜಕಗಳಿಂದ ಸಂಖ್ಯೆ ತುಂಬಿತು, 1 ಇನ್ನೂ ಉಳಿದಿದೆ. ಹೀಗೆ ತನ್ನ ಕೆಲವು ಭಾಜಕಗಳ ಮೊತ್ತಕ್ಕೆ ಸಮವಾಗುವುದರಿಂದ ಇದನ್ನು ಅರೆ-ಪರಿಪೂರ್ಣ ಎಂದೂ ಬರೆಯಬಹುದು. ಆದರೆ ಸಮೃದ್ಧ ಎಂದ ಮಾತ್ರಕ್ಕೆ ಭಾಜಕಗಳು ಅಸಾಧಾರಣವಾಗಿ ಹೆಚ್ಚು ಎಂದು ಬರೆಯಬೇಡಿ. ಎಷ್ಟೋ ಸಣ್ಣದಾದ 7,20,720ಕ್ಕೆ 240 ಭಾಜಕಗಳಿವೆ, ಇದಕ್ಕೆ 48.

ಹಂತ 8: ಅಂಕಿಗಳಿಗೆ ಅಂಟಿದ ಗುಣಗಳನ್ನು ಬೇರೆ ಅಂಕಣದಲ್ಲಿ ಬರೆಯುವುದು

ಮೇಲಿನವೆಲ್ಲ ಸಂಖ್ಯೆಯ ಗುಣಗಳು. ಯಾವ ಲಿಪಿಯಲ್ಲಿ, ಯಾವ ಆಧಾರದಲ್ಲಿ ಬರೆದರೂ ಬದಲಾಗುವುದಿಲ್ಲ. ಇಲ್ಲಿಂದ ಮುಂದಿನವು ದಶಮಾನ ಬರವಣಿಗೆಯ ಗುಣಗಳು. ಎರಡನ್ನೂ ಒಂದೇ ಪಟ್ಟಿಯಲ್ಲಿ ಬೆರೆಸುವುದು ದೊಡ್ಡ ದೋಷವೆಂದೇ ನನ್ನ ಅಭಿಪ್ರಾಯ.

0ಯಿಂದ 9ರವರೆಗಿನ ಹತ್ತೂ ಅಂಕಿಗಳು ಒಂದೊಂದು ಸಲ ಬಂದಿರುವುದರಿಂದ ಇದು ಸರ್ವಾಂಕ ಸಂಖ್ಯೆ. ಇಂತಹ ಹತ್ತಂಕಿಯ ಸಂಖ್ಯೆಗಳು ಒಟ್ಟು 32,65,920. ಎಲ್ಲದರ ಅಂಕಿಗಳ ಮೊತ್ತವೂ 45 ಆದ್ದರಿಂದ ಎಲ್ಲವೂ 9ರಿಂದ ಭಾಗವಾಗುತ್ತವೆ, ಒಂದೂ ಅವಿಭಾಜ್ಯವಲ್ಲ.

ಅಂಕಿಗಳ ಮೊತ್ತದಿಂದಲೇ ಸಂಖ್ಯೆ ಭಾಗವಾದರೆ ಅದು ಹರ್ಷದ ಸಂಖ್ಯೆ. ಈ ಹೆಸರು ಕೊಟ್ಟವರು ಮಹಾರಾಷ್ಟ್ರದ ದೇವಳಾಲಿಯ ಶಾಲಾ ಶಿಕ್ಷಕ ಡಿ. ಆರ್. ಕಾಪ್ರೇಕರ್. 1,23,45,67,890 ÷ 45 = 2,74,34,842, ಶೇಷವಿಲ್ಲ. ಹೌದು, ಹರ್ಷದ ಸಂಖ್ಯೆ. ಆದರೆ ಅವರದೇ ಹೆಸರಿನ ಕಾಪ್ರೇಕರ್ ಸಂಖ್ಯೆ ಇದಲ್ಲ: ವರ್ಗದ ಬಲಗಡೆಯ ಹತ್ತು ಅಂಕಿ 5019052100, ಎಡಕ್ಕೆ ಉಳಿದದ್ದು 152415787, ಕೂಡಿಸಿದರೆ 5171467887, ಮೂಲ ಸಂಖ್ಯೆ ಮರಳಿ ಬರುವುದಿಲ್ಲ. ಎಕ್ಸೆಲ್‌ನ ತಪ್ಪು ವರ್ಗ ನಿಮ್ಮನ್ನು ಹಿಡಿಯುವುದು ಈ ಪರೀಕ್ಷೆಯಲ್ಲೇ.

ಸ್ಮಿತ್ ಸಂಖ್ಯೆಯ ಪರೀಕ್ಷೆಯಲ್ಲಿ ಅವಿಭಾಜ್ಯ ಅಪವರ್ತನಗಳ ಅಂಕಿಗಳನ್ನು ಪುನರಾವರ್ತನೆ ಸಹಿತ ಕೂಡಿಸಬೇಕು: 2 + 3 + 3 + 5 + 16 + 14 = 43. ಬೇಕಾದದ್ದು ಸಂಖ್ಯೆಯ ಸ್ವಂತ ಅಂಕಿಗಳ ಮೊತ್ತವಾದ 45. ಎರಡರಿಂದ ತಪ್ಪಿತು, ಆದ್ದರಿಂದ ಅಲ್ಲ.

ಅಂಕಿಗಳ ವರ್ಗಗಳನ್ನು ಕೂಡಿಸುತ್ತ ಹೋದರೆ 285, 93, 90, 81, 65, 61, 37, 58, 89 ಎಂದು ಸಾಗಿ 145, 42, 20, 4, 16 ಮುಖಾಂತರ ಮತ್ತೆ 37ಕ್ಕೇ ಸುತ್ತುತ್ತದೆ, 1 ತಲುಪುವುದಿಲ್ಲ. ಹಾಗಾಗಿ ಸುಖಿ ಸಂಖ್ಯೆಯಲ್ಲ.

ತ್ರಿಭುಜ ಸಂಖ್ಯೆಯೇ (1 + 2 + 3 + … ಎಂದು ಕೂಡಿಸುತ್ತ ಹೋದಾಗ ಬರುವ ಮೊತ್ತವೇ) ಎಂಬುದು ಅಂಕಿಗಳ ಗುಣವಲ್ಲದಿದ್ದರೂ ಇಲ್ಲೇ ಹೇಳುತ್ತೇನೆ, ಏಕೆಂದರೆ ಅಂಕಿಗಳ ಅಂದ ನೋಡಿ ಮರುಳಾಗುವುದು ಇಲ್ಲೇ. 8ರಿಂದ ಗುಣಿಸಿ 1 ಕೂಡಿಸಿದರೆ ಪೂರ್ಣವರ್ಗ ಬರಬೇಕು. ಬರುವುದು 9,87,65,43,121. ಅಂಕಿಗಳು ಇಳಿಯುತ್ತ ಹೋಗುವುದನ್ನು ನೋಡಿ ಏನೋ ಇದೆ ಎನಿಸುತ್ತದೆ. ಆದರೆ 99,380ರ ವರ್ಗ 9,87,63,84,400, 99,381ರ ವರ್ಗ 9,87,65,83,161. ನಮ್ಮದು ಇವೆರಡರ ನಡುವೆ ಬಿದ್ದಿದೆ. ತ್ರಿಭುಜ ಸಂಖ್ಯೆಯಲ್ಲ.

ಹಂತ 9: ದ್ವಿಮಾನ ರೂಪ

ದ್ವಿಮಾನ ರೂಪ ಕೇಳಿದ್ದರೆ ಮಾತ್ರ ಇದನ್ನು ಬರೆಯಿರಿ: 1001001100101100000001011010010. ಅಂಕಿಗಳು 31, ಅವುಗಳಲ್ಲಿ ಒಂದುಗಳು 12. ಸಂಖ್ಯೆ 2ರ 30ನೇ ಘಾತವಾದ 1,07,37,41,824ಕ್ಕಿಂತ ದೊಡ್ಡದು, 31ನೇ ಘಾತವಾದ 2,14,74,83,648ಕ್ಕಿಂತ ಚಿಕ್ಕದು. ಹಾಗಾಗಿ 31 ಅಂಕಿಗಳು ಇರಲೇಬೇಕು. ಕೊನೆಯ ಎರಡು ಅಂಕಿ 10 ಇರುವುದು 2ರಿಂದ ಭಾಗವಾಗಿ 4ರಿಂದ ಆಗದು ಎಂಬುದಕ್ಕೆ ಹೊಂದುತ್ತದೆ. 1970ರ ಆರಂಭದಿಂದ ಸೆಕೆಂಡುಗಳನ್ನು ಎಣಿಸುವ ಕಂಪ್ಯೂಟರುಗಳ ಯುನಿಕ್ಸ್ ಗಡಿಯಾರ ಇಷ್ಟು ಸೆಕೆಂಡು ಮುಟ್ಟಿದ್ದು ಭಾರತದ ಸಮಯದಲ್ಲಿ 2009ರ ಫೆಬ್ರವರಿ 14ರ ಬೆಳಗ್ಗೆ 5 ಗಂಟೆ 1 ನಿಮಿಷ 30 ಸೆಕೆಂಡಿಗೆ; ಅದನ್ನು ಕೆಲವರು ಗುಣಗಳ ಪಟ್ಟಿಗೆ ಸೇರಿಸುತ್ತಾರೆ. ಅದು ಗಡಿಯಾರದ ಸಂಗತಿ, ಸಂಖ್ಯೆಯದ್ದಲ್ಲ.

ಉತ್ತರ ಹೊಂದದಿದ್ದಾಗ ಎಲ್ಲಿ ನೋಡಬೇಕು

ಭಾಜಕಗಳ ಎಣಿಕೆ ಸರಿಯಾದದ್ದರ ಅರ್ಧ ಬಂದಿದ್ದರೆ ಮೂರನೇ ಹಂತದಲ್ಲಿ ಒಂದು ತುಂಡು ಒಡೆಯದೆ ಉಳಿದಿರುವ ಸಾಧ್ಯತೆ ಹೆಚ್ಚು. ಭಾಜಕಗಳ ಮೊತ್ತ ತಪ್ಪಿ ಎಣಿಕೆ ಸರಿಯಿದ್ದರೆ ಘಾತ 2 ಅಥವಾ ಹೆಚ್ಚಿರುವ ಅವಿಭಾಜ್ಯದ ಆವರಣವನ್ನು ನೋಡಿ. ಫೈ ಬೆಲೆಯನ್ನು ಸಂಖ್ಯೆಯಿಂದ ಭಾಗಿಸಿದಾಗ 24/90, ಅಂದರೆ 0.2667ಕ್ಕಿಂತ ಕೂದಲೆಳೆಯಷ್ಟು ಕಡಿಮೆ ಬರದಿದ್ದರೆ 3²ಕ್ಕೆ ತೆಗೆದುಕೊಂಡ ಬೆಲೆಯನ್ನೇ ಮೊದಲು ಅನುಮಾನಿಸಿ. ಹರ್ಷದ ಪರೀಕ್ಷೆಯೇ ಹೊಂದದಿದ್ದರೆ ಎರಡನೇ ಹಂತಕ್ಕೂ ಹೋಗುವ ಅಗತ್ಯವಿಲ್ಲ. ಸಂಖ್ಯೆಯನ್ನು ನಕಲು ಮಾಡುವಾಗಲೇ ಒಂದು ಅಂಕಿ ಬದಲಾಗಿರುತ್ತದೆ.